ಎಯ್ಟ್ ಮೈಲ್‌ನ ಆಚೆ, ಈಚೆ

ರಸ್ತೆಯಲ್ಲಿ ಕಾರು ಹೋಗುವುದನ್ನು ನೋಡಲೆಂದೇ ಬೆಳಕು ಹರಿಯುವ ಮೊದಲು ಎದ್ದು, ಮಡಚುವ ಕುರ್ಚಿ, ಕೊಡೆ, ನೀರಿನ ಬಾಟಲಿ ಹೊತ್ತು ಬಂದು ಜಾಗ ಹಿಡಿಯುವ ಜನರನ್ನು ನಾನು ಡೆಟ್ರಾಯಿಟ್‌ಗೆ ಹೋಗುವವರೆಗೆ ಕಂಡಿರಲಿಲ್ಲ. ನಮ್ಮ ಮೈಸೂರಿನಲ್ಲಿ ಜನ ಹಾಗೆ ಕೂರುವುದು ಜಂಬೂಸವಾರಿಗೆ. ಅಲ್ಲಿ ಆಗಸ್ಟ್ ತಿಂಗಳ ಮೂರನೆಯ ಶನಿವಾರ, ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯ ಇಕ್ಕೆಲದಲ್ಲೂ, ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಸುಮಾರು 25 ಕಿಲೋಮೀಟರ್ ಉದ್ದಕ್ಕೂ ಕುರ್ಚಿಗಳು. ಎದುರಿಗೆ ಐವತ್ತು ಅರವತ್ತು ವರ್ಷ ಹಳೆಯ ಕಾರುಗಳು ಒಂದರ ಹಿಂದೊಂದು, ಪಕ್ಕದಲ್ಲಿ ನಡೆಯುವವರಿಗಿಂತ ನಿಧಾನವಾಗಿ ಉರುಳುತ್ತಿರುತ್ತವೆ. 1995ರಲ್ಲಿ ಫರ್ನ್‌ಡೇಲ್‌ನ ಮಕ್ಕಳ ಆಟದ ಮೈದಾನಕ್ಕೆ ಹಣ ಕೂಡಿಸಲು ಶುರುವಾದ ಈ 'ಡ್ರೀಮ್ ಕ್ರೂಸ್'ಗೆ ಈಗ ಹತ್ತು ಲಕ್ಷ ಜನ, ನಲವತ್ತು ಸಾವಿರ ಕಾರು ಬರುತ್ತವೆ ಎಂಬುದು ಸಂಘಟಕರ ಲೆಕ್ಕ.

ಊರಿಗೆ ಮರಳಿದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಆ ಮೆರವಣಿಗೆಗಿಂತ ಹೆಚ್ಚಾಗಿ, ಅದು ಯಾವುದರ ನೆನಪಿಗೆ ನಡೆಯುತ್ತಿದೆಯೋ ಅದು. 1960ರ ದಶಕದ ರಾತ್ರಿಗಳಲ್ಲಿ ಇದೇ ರಸ್ತೆಯಲ್ಲಿ, ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ವರೆಗೆ, ಕಾನೂನಿನ ಕಣ್ಣು ತಪ್ಪಿಸಿ ರೇಸು ನಡೆಯುತ್ತಿತ್ತು.

ಅಕ್ಕನ ಮನೆ ಡೆಟ್ರಾಯಿಟ್‌ನ ಉಪನಗರ ಟ್ರಾಯ್‌ನಲ್ಲಿ. ಭಾವ ಮಂಡ್ಯದ ಕಡೆಯವರು, ಕಾರಿನ ಇಂಜಿನಿಯರ್. ಆ ಸೀಮೆಯಲ್ಲಿ ಅಂಥ ಕನ್ನಡಿಗರು ಬಹಳ. ಅಲ್ಲಿನ ಪಂಪ ಕನ್ನಡ ಕೂಟದ ಯುಗಾದಿಗೆ ಹೋದರೆ ಬ್ರೇಕು, ಗೇರ್‌ಬಾಕ್ಸು, ಬ್ಯಾಟರಿ ಎಂದು ಮಾತಾಡುವವರೇ ಪಂಕ್ತಿಯ ತುಂಬ ಕೂತಿರುತ್ತಾರಂತೆ. ಕ್ರೂಸ್ ದಿನ ರಾಯಲ್ ಓಕ್ ಊರಿನ ಹತ್ತಿರ ಮರದ ನೆರಳು ಹುಡುಕಿ ಅಕ್ಕ ಜಮಖಾನ ಹಾಸಿದಳು. ಬುತ್ತಿಯಲ್ಲಿ ಪುಳಿಯೋಗರೆ, ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ. "ಮೂಗು ಮುಚ್ಚಿಕೋಬೇಡ, ಇವತ್ತು ಈ ಊರಿನ ಗಾಳೀಲಿ ಪೆಟ್ರೋಲೇ ಇರೋದು," ಎಂದರು ಭಾವ. ನಿಜಕ್ಕೂ ಹಾಗೇ ಇತ್ತು. ಹಳೆಯ ಕಾರ್ಬ್ಯುರೇಟರ್ ಕಾರುಗಳ ಹೊಗೆಗೆ ಒಂದು ಸಿಹಿ ಘಾಟು ಇದೆ. ನನಗದು ಎಳವೆಯಿಂದಲೂ ಗೊತ್ತು. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಪಕ್ಕದ ಕುರ್ಚಿಯಲ್ಲಿ ಎಂಬತ್ತರ ಹತ್ತಿರದ ಒಬ್ಬರಿದ್ದರು. ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲಿ ಲೋಹದ ಅಚ್ಚು (ಡೈ) ಮಾಡುತ್ತಿದ್ದವರು, ನಿವೃತ್ತರು. ಹಿಂದೆ ನಿಲ್ಲಿಸಿದ್ದ ಅವರ ಕಡುನೀಲಿ ಜಿಟಿಒ ಕಾರಿನ ಬಾನೆಟ್ ತೆರೆದೇ ಇತ್ತು. ಮಕ್ಕಳು ಬಂದು ಇಣುಕಿದರೆ ಎದ್ದುಹೋಗಿ ಒಂದೊಂದು ಭಾಗವನ್ನೂ ಬೆರಳಿಟ್ಟು ತೋರಿಸುತ್ತಿದ್ದರು. ಕೋಡುಬಳೆ ಕೊಟ್ಟೆವು. ಒಂದು ಮುರಿದು ಬಾಯಿಗಿಟ್ಟು, ಇನ್ನೊಂದನ್ನು ಕೇಳಿ ತೆಗೆದುಕೊಂಡು, ಮಾತಿಗೆ ಕೂತರು.

"ಇಲ್ಲಿ ನೋಡಿ, ರಸ್ತೆ ಹೇಗಿದೆ," ಎಂದರು. ಒಂದೊಂದು ದಿಕ್ಕಿಗೆ ನಾಲ್ಕು ಲೇನು, ನಡುವೆ ಅಗಲವಾದ ಹುಲ್ಲಿನ ಪಟ್ಟಿ. ಆ ಪಟ್ಟಿಯಲ್ಲಿ ಅಲ್ಲಲ್ಲಿ ಕಾರು ತಿರುಗಿಸಿಕೊಳ್ಳಲು ಬಿಟ್ಟ ತೆರಪು. ಬದಿಯಲ್ಲಿ ಆಗ ಸಾಲುಸಾಲು ಡ್ರೈವ್-ಇನ್ ಹೋಟೆಲುಗಳು. ರಾಯಲ್ ಓಕ್‌ನ ಟೋಟೆಮ್ ಪೋಲ್, ಉತ್ತರಕ್ಕೆ ಸ್ಕ್ವೇರ್ ಲೇಕ್ ರಸ್ತೆಯ ಮೂಲೆಯಲ್ಲಿ ಟೆಡ್ಸ್. ಸಂಜೆ ಹುಡುಗರು ಟೆಡ್ಸ್‌ನಿಂದ ಹೊರಟು ದಕ್ಷಿಣಕ್ಕೆ ಬಂದು, ತೆರಪಿನಲ್ಲಿ ತಿರುಗಿ, ಮತ್ತೆ ಉತ್ತರಕ್ಕೆ. ಯಾರ ಬಳಿ ಏನಿದೆ, ಯಾರು ನಿನ್ನೆ ಇಂಜಿನ್ ಬದಲಿಸಿದರು, ಎಲ್ಲವೂ ಹೋಟೆಲಿನ ಅಂಗಳದಲ್ಲಿ ತಿಳಿಯುತ್ತಿತ್ತು. ಆಮೇಲೆ ಕೆಂಪು ದೀಪ. ಪಕ್ಕದ ಲೇನಿನವನು ಒಮ್ಮೆ ಎಕ್ಸಲರೇಟರ್ ತುಳಿದು ಸದ್ದು ಮಾಡುತ್ತಾನೆ. ಇವನೂ ತುಳಿದರೆ ಒಪ್ಪಿದ ಹಾಗೆ. ಕಣ್ಣು ತಮ್ಮ ದೀಪದ ಮೇಲಿರುವುದಿಲ್ಲ. ಅಡ್ಡರಸ್ತೆಯ ದೀಪ ಹಳದಿಗೆ ತಿರುಗುವುದನ್ನು ಕಾಯುತ್ತಿರುತ್ತದೆ. ತಮ್ಮದು ಹಸಿರಾಗುವ ಕ್ಷಣ ಕ್ಲಚ್ಚಿನಿಂದ ಕಾಲು ಮೇಲೆದ್ದಿರಬೇಕು. ಹೆಚ್ಚೆಂದರೆ ಕಾಲು ಮೈಲಿ, ಅಂದರೆ 402 ಮೀಟರ್. ಗೆದ್ದವನು ಯಾರೆಂಬುದು ಮುಂದಿನ ಸಿಗ್ನಲ್‌ಗೆ ಮೊದಲೇ ತೀರ್ಮಾನವಾಗಿರುತ್ತಿತ್ತು.

"ಯಾರ ಜೊತೆ ಓಡಿಸ್ತಿದ್ದಿರಿ?" ಎಂದು ಕೇಳಿದೆ.

"ಗೊತ್ತಾಗ್ತಾ ಇರಲಿಲ್ಲ. ಅದೇ ಅದರ ಸ್ವಾರಸ್ಯ. ಅಪ್ಪನ ಕಾರು ತಂದ ಹುಡುಗನೂ ಇರಬಹುದು, ಆ ಕಾರನ್ನ ಡಿಸೈನ್ ಮಾಡಿದ ಇಂಜಿನಿಯರೂ ಇರಬಹುದು."

ಈ ಮಾತಿನ ಬಳಿ ನಾನು ಒಂದಿಷ್ಟು ನಿಲ್ಲಬೇಕು. ಬೇರೆ ಊರುಗಳಲ್ಲೂ ಬೀದಿ ರೇಸುಗಳಿದ್ದವು. ಲಾಸ್ ಏಂಜಲಿಸ್‌ನ ಹುಡುಗರು ಇವರಿಗಿಂತ ಮೊದಲೇ ಶುರು ಮಾಡಿದ್ದರು. ಆದರೆ ಕಾರು ತಯಾರಿಸುವ ಕೈಗಳೇ ರಾತ್ರಿ ಹೊತ್ತು ಅದನ್ನು ಪಣಕ್ಕಿಡುವ ರಸ್ತೆ ಡೆಟ್ರಾಯಿಟ್‌ನಲ್ಲಿ ಮಾತ್ರ ಇರಲು ಸಾಧ್ಯವಿತ್ತು. ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್ ಮೂರೂ ಅಲ್ಲಿಯೇ. ಕ್ರೈಸ್ಲರ್‌ನ ಕೆಲವು ತರುಣ ಇಂಜಿನಿಯರುಗಳು 1950ರ ದಶಕದ ಕೊನೆಯಲ್ಲಿ 'ರಾಮ್‌ಚಾರ್ಜರ್ಸ್' ಎಂದು ಕೂಟ ಕಟ್ಟಿಕೊಂಡು, ಆಫೀಸು ಮುಗಿಸಿ ಕಾಲು ಮೈಲಿಯ ನೇರ ಓಟಕ್ಕೆಂದೇ ಡ್ರ್ಯಾಗ್ ಕಾರು ಕಟ್ಟುತ್ತಿದ್ದರು. ಅವರ ಮೊದಲ ಕಾರು 1949ರ ಒಂದು ಪ್ಲಿಮತ್. ಹಗಲಿನ ನಕ್ಷೆಯ ಹಲಗೆಯಲ್ಲಿ ಕಲಿತದ್ದನ್ನು ರಾತ್ರಿ ಪರೀಕ್ಷಿಸುವುದು, ರಾತ್ರಿ ಮುರಿದದ್ದನ್ನು ಹಗಲು ಯೋಚಿಸುವುದು.

ಆ ಹಿರಿಯರ ಜಿಟಿಒ ಕಾರಿನ ಹುಟ್ಟಿನ ಕಥೆಯೂ ಇದರೊಳಗೇ ಇದೆ. 1963ರ ಜನವರಿಯಲ್ಲಿ ಜನರಲ್ ಮೋಟರ್ಸ್ ತನ್ನ ವಿಭಾಗಗಳಿಗೆಲ್ಲ ರೇಸಿಗೆ ನೆರವು ಕೊಡುವುದನ್ನು ನಿಲ್ಲಿಸಿ ಎಂದು ಕಟ್ಟಪ್ಪಣೆ ಮಾಡಿತು. ರೇಸಿನಲ್ಲಿ ಗೆದ್ದೇ ಹೆಸರು ಮಾಡಿದ್ದ ಪಾಂಟಿಯಾಕ್ ವಿಭಾಗಕ್ಕೆ ಅದು ದೊಡ್ಡ ಪೆಟ್ಟು. ಆಗ ಪಾಂಟಿಯಾಕ್‌ನ ಜಾನ್ ಡಿಲೋರಿಯನ್ ಮತ್ತು ಅವರ ಇಂಜಿನಿಯರುಗಳು, ಟ್ರ್ಯಾಕ್ ಬೇಡವೆಂದರೆ ರಸ್ತೆಗೇ ಇಳಿಯೋಣ ಎಂದು ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ಇಂಜಿನನ್ನು ನಡುಗಾತ್ರದ ಟೆಂಪೆಸ್ಟ್ ಕಾರಿನೊಳಗೆ ಕೂರಿಸಿದರು. ನಡುಗಾತ್ರದ ಕಾರಿಗೆ ಅಷ್ಟು ದೊಡ್ಡ ಇಂಜಿನ್ ಕೂಡದು ಎಂಬ ನಿಯಮ ಕಂಪನಿಯಲ್ಲೇ ಇತ್ತು. ಹೊಸ ಮಾದರಿ ಎನ್ನದೆ, ಗಿರಾಕಿ ಬೇಕೆಂದರೆ ಸೇರಿಸುವ ಹೆಚ್ಚುವರಿ ಸೌಲಭ್ಯವೆಂದು ಬರೆದು ಅದನ್ನು ದಾಟಿದರು. ಐದು ಸಾವಿರ ಹೋದರೆ ಸಾಕು ಎಂದುಕೊಂಡದ್ದು 1964ರ ಮಾದರಿ ವರ್ಷದಲ್ಲಿ 32,450 ಮಾರಾಟವಾಯಿತು. ಪಾಂಟಿಯಾಕ್‌ನ ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್, 1960ರಲ್ಲಿ ಡೆಟ್ರಾಯಿಟ್ ಡ್ರ್ಯಾಗ್‌ವೇನಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ತಾವೇ ಓಡಿಸಿ ಗೆದ್ದವರು, ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಅಂಗಡಿಯ ಜೊತೆ ಸೇರಿ ಇನ್ನೊಂದು ಹೆಜ್ಜೆ ಹೋದರು. ಅಲ್ಲಿ ಕೊಂಡ ಕಾರಿಗೆ ತೆಳು ಗ್ಯಾಸ್ಕೆಟ್, ದೊಡ್ಡ ಜೆಟ್, ಮುಂಚಿತವಾಗಿ ಕಿಡಿ ಹಾರುವಂತೆ ತಿದ್ದಿದ ಡಿಸ್ಟ್ರಿಬ್ಯೂಟರ್ ಹಾಕಿಸಿಕೊಂಡು, ಹತ್ತಿರದ ವುಡ್‌ವರ್ಡ್‌ಗೆ ಇಳಿಯಬಹುದಿತ್ತು.

ಬರ್ಮಿಂಗ್‌ಹ್ಯಾಮ್ ಊರಿನ ವುಡ್‌ವರ್ಡ್ ಬದಿಯಲ್ಲೇ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಜಿಮ್ಮಿ ಅಡಿಸನ್ ಅವರ 1967ರ ಬೆಳ್ಳಿ ಬಣ್ಣದ ಪ್ಲಿಮತ್ ಜಿಟಿಎಕ್ಸ್ ಈ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 'ಸಿಲ್ವರ್ ಬುಲೆಟ್' ಎಂಬ ಹೆಸರಿನ ಆ ಕಾರಿನ ಹಿಂದೆ ಕ್ರೈಸ್ಲರ್‌ನವರ ನೆರವಿತ್ತು. ರಸ್ತೆಯ ಮೇಲಿನ ಕಾರೊಂದು ಕಾಲು ಮೈಲಿಯನ್ನು ಹತ್ತೂವರೆ ಸೆಕೆಂಡಿನೊಳಗೆ ಮುಗಿಸುತ್ತಿತ್ತು ಎಂದರೆ ಆ ಕಾಲಕ್ಕೆ ನಂಬಲಾಗದ ಮಾತು. ಹೆಸರು ಹೇಳುವಾಗ ಪಕ್ಕದ ಹಿರಿಯರ ಸ್ವರ ಇಳಿಯಿತು. ಅವರು ಪಾಂಟಿಯಾಕ್‌ನವರು, ಅದು ಎದುರು ಪಾಳೆಯ. ಆದರೂ ಅದರ ಸದ್ದು ಕೇಳಿದರೆ ಎದೆಯ ಮೂಳೆ ನಡುಗುತ್ತಿತ್ತು ಎಂದರು.

ನಾನು ಕೇಳಬೇಕಾದ್ದನ್ನು ಕೇಳಿದೆ. ಆ ರಸ್ತೆಯಲ್ಲಿ ಜನ ಸಾಯಲಿಲ್ಲವೇ?

ಅವರು ತಕ್ಷಣ ಉತ್ತರ ಕೊಡಲಿಲ್ಲ. "ನನ್ನ ಜೊತೆ ಶಾಲೆಗೆ ಬರುತ್ತಿದ್ದವನೊಬ್ಬ," ಎಂದರು. "ರೇಸು ಮಾಡಿದ್ದು ಅವನಲ್ಲ. ಅಡ್ಡರಸ್ತೆಯಿಂದ ಬರ್ತಾ ಇದ್ದ. ಅವನ ಅಮ್ಮ ಆಮೇಲೂ ಬಹಳ ವರ್ಷ ನಮ್ಮ ಬೀದಿಯಲ್ಲೇ ಇದ್ದರು. ನಾನು ಆ ಮನೆ ಮುಂದೆ ಇಂಜಿನ್ ಆರಿಸಿ ಕಾರು ತಳ್ಳಿಕೊಂಡು ಹೋಗ್ತಿದ್ದೆ."

ಹಳೆಯ ರೇಸುಗಳ ನೆನಪನ್ನು ಬರೆಯುವವರು ಈ ಅಡ್ಡರಸ್ತೆಯನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಬೆಂಗಳೂರಿನ ಹೊರವರ್ತುಲದ ಫ್ಲೈಓವರ್‌ಗಳ ಮೇಲೆ ನಡುರಾತ್ರಿ ವ್ಹೀಲಿ ಮಾಡುವ ಹುಡುಗರ ಸುದ್ದಿ ಓದಿದಾಗ ನಾವು ಸಿಟ್ಟಾಗುತ್ತೇವೆ, ಆಗಬೇಕಾದ್ದೇ. ಹಾಲಿನ ಗಾಡಿಯವರು, ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುವ ನರ್ಸ್, ಇವರು ಯಾರೂ ಪಂದ್ಯಕ್ಕೆ ಒಪ್ಪಿದವರಲ್ಲ. ಅರವತ್ತು ವರ್ಷ ಕಳೆದರೆ ಅದೇ ಕೆಲಸಕ್ಕೆ ಚಿನ್ನದ ಬಣ್ಣ ಬರುವುದು ಹೇಗೆ? ಆ ಹುಡುಗರ ಕೈಚಳಕ, ಲೋಹದ ಮೇಲಿನ ಪ್ರೀತಿ ನನ್ನನ್ನು ಸೆಳೆಯುತ್ತದೆ. ಇಂಜಿನ್ ಆರಿಸಿ ತಳ್ಳಿಕೊಂಡು ಹೋದ ಕಾರೂ ಕಣ್ಣ ಮುಂದೆ ಬರುತ್ತದೆ. ಒಂದರಿಂದ ಇನ್ನೊಂದನ್ನು ಅಳಿಸಲು ನನಗಾಗಿಲ್ಲ.

ಆ ಸೆಳೆತ ಬಂದದ್ದು ನನ್ನ ಚಿಕ್ಕಪ್ಪನಿಂದ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವ ಕೆಲಸ ಅವರದು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಜಾವಾ, ಯೆಜ್ದಿ ಬೈಕುಗಳು ಮೈಸೂರಿನ ಪ್ರತಿ ಬೀದಿಯಲ್ಲೂ ಇದ್ದವು. ಸ್ಟಾರ್ಟ್ ಮಾಡುವ ಕಿಕ್ಕರ್ರೇ ಮಡಚಿದರೆ ಗೇರ್ ಲಿವರ್ ಆಗುವ ಬೈಕು. ಭಾನುವಾರ ಚಿಕ್ಕಪ್ಪ ಹಿತ್ತಿಲಲ್ಲಿ ಗೋಣಿಚೀಲ ಹಾಸಿ ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು. ಎಣ್ಣೆ ಬೆರೆತ ಆ ಹೊಗೆಯ ಸಿಹಿ ಘಾಟನ್ನು ನಾನು ಕಲಿತದ್ದು ಅಲ್ಲೇ. ಬೀದಿಯಲ್ಲಿ ಹೋಗುವ ಯಾವುದೋ ಬೈಕಿನ ಸದ್ದು ಕೇಳಿ, "ಇದು ನಮ್ಮ ಪಾಳಿಯಲ್ಲಿ ಜೋಡಿಸಿದ್ದು," ಎನ್ನುತ್ತಿದ್ದರು. ಅದು ನಿಜವೋ ಸುಳ್ಳೋ ಯಾರೂ ಕೇಳುತ್ತಿರಲಿಲ್ಲ. ತಾನು ಮಾಡಿದ ಯಂತ್ರ ಊರಿನ ಬೀದಿಯಲ್ಲಿ ತನ್ನ ಕಣ್ಣೆದುರೇ ಓಡುವುದು ಎಂಥ ಹಿಗ್ಗು ಎಂಬುದನ್ನು ನಾನು ಆ ಮುಖದಲ್ಲಿ ಕಂಡಿದ್ದೇನೆ. ವುಡ್‌ವರ್ಡ್ ಬದಿಯ ಹಿರಿಯರ ಮುಖದಲ್ಲಿ ಇದ್ದದ್ದೂ ಅದೇ.

ಮರುದಿನ ಭಾವನನ್ನು ಒತ್ತಾಯಿಸಿ ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟೆ. ಕ್ರೂಸ್ ಕಾರುಗಳು ಎಯ್ಟ್ ಮೈಲ್ ರಸ್ತೆಯ ಹತ್ತಿರ ಬಂದು ತಿರುಗುತ್ತವೆ. ಅದು ಡೆಟ್ರಾಯಿಟ್ ನಗರದ ಗಡಿ. ಉತ್ತರಕ್ಕೆ ಬಹುಕಾಲ ಬಿಳಿಯರೇ ತುಂಬಿದ್ದ ಉಪನಗರಗಳು, ದಕ್ಷಿಣಕ್ಕೆ ಕಪ್ಪು ಜನರ ನಗರ. ಗಡಿ ದಾಟಿದ ಕೂಡಲೇ ಕುರ್ಚಿಗಳೂ ಇಲ್ಲ, ಬಾವುಟಗಳೂ ಇಲ್ಲ. ರಸ್ತೆಯ ಹೆಸರು ಮಾತ್ರ ಅದೇ.

ನ್ಯಾಯವಾಗಿ ನೋಡಿದರೆ ಮೆರವಣಿಗೆ ನಡೆಯಬೇಕಾದದ್ದು ಇಲ್ಲಿ. ಸಿಕ್ಸ್ ಮೈಲ್, ಸೆವೆನ್ ಮೈಲ್ ರಸ್ತೆಗಳ ನಡುವಿನ ಒಂದು ಮೈಲಿ ವುಡ್‌ವರ್ಡ್‌ಗೆ 1909ರಲ್ಲಿ ಕಾಂಕ್ರೀಟ್ ಹಾಕಿದರು. ಅಮೆರಿಕದಲ್ಲಿ ಕಾಂಕ್ರೀಟ್ ಹೆದ್ದಾರಿಯ ಮೊದಲ ಮೈಲಿ ಅದೇ. ಇನ್ನಷ್ಟು ಕೆಳಗೆ ಹೈಲ್ಯಾಂಡ್ ಪಾರ್ಕ್‌ನಲ್ಲಿ ಫೋರ್ಡ್ ಕಂಪನಿಯ ಹಳೆಯ ಕಾರ್ಖಾನೆ. 1913ರಲ್ಲಿ ಕಾರೇ ಕೆಲಸಗಾರನ ಮುಂದೆ ಚಲಿಸಿಕೊಂಡು ಬರುವ ಜೋಡಣೆ ಸಾಲು ಮೊದಲು ಓಡಿದ್ದು ಆ ಕಟ್ಟಡದಲ್ಲಿ. ಅದರ ಎದುರು ಕಾರು ನಿಲ್ಲಿಸಿದೆವು. ಭಾವ ಬಹಳ ಹೊತ್ತು ಇಳಿಯಲಿಲ್ಲ. "ನನ್ನ ಕೆಲಸ ಶುರುವಾಗಿದ್ದೇ ಇಲ್ಲಿಂದ ಅಂತ ಅನ್ಕೋ. ಇಷ್ಟು ವರ್ಷ ಈ ಊರಲ್ಲಿದ್ದು ಇಲ್ಲಿಗೆ ಇದೇ ಮೊದಲು ಬಂದಿರೋದು," ಎಂದರು. 1950ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದರು. 2020ರ ಗಣತಿಗೆ ಉಳಿದವರು 6.39 ಲಕ್ಷ. ಅಂಕಿ ಓದಿದಾಗ ಅರ್ಥವಾಗದ್ದು ರಸ್ತೆಯ ಬದಿಯ ಖಾಲಿ ನಿವೇಶನಗಳ ಹುಲ್ಲು ನೋಡಿದಾಗ ಆಗುತ್ತದೆ.

ಮಧ್ಯಾಹ್ನ ಪಿಜ್ಜಾ ತಿಂದೆವು. ಡೆಟ್ರಾಯಿಟ್ ಪಿಜ್ಜಾ ಚೌಕಾಕಾರ. ದಪ್ಪ, ಅಂಚಿನ ಚೀಸ್ ಕೆಂಪಗೆ ಬೆಂದು ದೋಸೆಯ ಅಂಚಿನಂತೆ ಗರಿಗರಿಯಾಗಿರುತ್ತದೆ. 1946ರಲ್ಲಿ ಅದನ್ನು ಮೊದಲು ಬೇಯಿಸಿದ್ದು ಕಾರ್ಖಾನೆಗಳಲ್ಲಿ ಬಿಡಿಭಾಗ ಇಡುತ್ತಿದ್ದ ಉಕ್ಕಿನ ತಟ್ಟೆಗಳಲ್ಲಿ. ಪಕ್ಕದ ಮೇಜಿನಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದರು, ಕಪ್ಪು ಸಮುದಾಯದವರು. ನಿನ್ನೆ ಕ್ರೂಸ್‌ಗೆ ಹೋಗಿದ್ದೆವು ಎಂದೆವು. ನಕ್ಕರು. "ಬ್ಲ್ಯಾಕ್ ಘೋಸ್ಟ್ ಬಗ್ಗೆ ಅಲ್ಲಿ ಯಾರಾದರೂ ಹೇಳಿದರೋ?"

1970ರ ಡಾಡ್ಜ್ ಚಾಲೆಂಜರ್ ಅದು. ಕಪ್ಪು ಬಣ್ಣ, ಮೊಸಳೆಯ ಚರ್ಮದ ವಿನ್ಯಾಸದ ಚಾವಣಿ, 426 ಕ್ಯೂಬಿಕ್ ಇಂಚಿನ ಹೆಮಿ ಇಂಜಿನ್. ಕಂಪನಿ ಬರೆದುಕೊಂಡದ್ದೇ 425 ಅಶ್ವಶಕ್ತಿ. 1970ರ ದಶಕದ ಮೊದಲರ್ಧದಲ್ಲಿ ವುಡ್‌ವರ್ಡ್‌ಗೆ ರಾತ್ರಿ ಎಲ್ಲಿಂದಲೋ ಬರುತ್ತಿತ್ತು, ಗೆಲ್ಲುತ್ತಿತ್ತು, ಹೋಟೆಲಿನ ಅಂಗಳದಲ್ಲಿ ನಿಂತು ಹರಟದೆ ಕತ್ತಲಿಗೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಸುಳಿವಿಲ್ಲ, ಮತ್ತೊಂದು ರಾತ್ರಿ ಹಾಜರು. ಓಡಿಸುತ್ತಿದ್ದವರು ಗಾಡ್‌ಫ್ರಿ ಕ್ವಾಲ್ಸ್, ಡೆಟ್ರಾಯಿಟ್ ಪೊಲೀಸ್ ಇಲಾಖೆಯವರು. ಹಗಲಲ್ಲಿ ಮೋಟಾರ್‌ಸೈಕಲ್ ಮೇಲೆ ಸಂಚಾರ ನಿಯಮ ಕಾಯುವ ಪೊಲೀಸ್, ರಾತ್ರಿ ಹೆಮಿ. ಯಾರಿಗೂ ಹೇಳಿಕೊಳ್ಳಲಿಲ್ಲ. ಆಮೇಲೆ ಕಾರು ಅವರ ಗ್ಯಾರೇಜಿನಲ್ಲಿ ದಶಕಗಳ ಕಾಲ ನಿಂತೇ ಇತ್ತು. 2015ರಲ್ಲಿ ತೀರಿಕೊಳ್ಳುವ ಮೊದಲು ಮಗ ಗ್ರೆಗೊರಿಗೆ ಒಪ್ಪಿಸಿದರು. 2020ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿತು. 2023ರಲ್ಲಿ ಇಂಡಿಯಾನಾಪೊಲಿಸ್‌ನ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿ ಮಾರಾಟವಾಯಿತು.

ಭೂತದಂತೆ ಬಂದು ಮಾಯವಾಗುತ್ತಿತ್ತು ಎಂಬುದನ್ನು ಎಲ್ಲರೂ ಸೊಗಸಿಗಾಗಿ ಹೇಳುತ್ತಾರೆ. ಪೊಲೀಸ್ ಕೆಲಸ ಹೋದೀತೆಂಬ ಭಯವಿತ್ತು, ಸಹಜ. ಆದರೆ ಬಸ್ ಚಾಲಕರು ತಮ್ಮದೇ ಹರೆಯದ ಬಗ್ಗೆ ಹೇಳಿದ ಮಾತು ನನಗೆ ಇನ್ನೊಂದನ್ನು ತೋರಿಸಿತು. "ನಾವು ರಾತ್ರಿ ಎಯ್ಟ್ ಮೈಲ್ ದಾಟಿ ಆ ಕಡೆ ಹೋದರೆ, ಅವರು ಕಾರು ನೋಡೋ ಮೊದಲು ನಮ್ಮ ಮುಖ ನೋಡ್ತಿದ್ದರು. ಗೆದ್ದ ಮೇಲೆ ನಿಂತು ಮಾತಾಡೋದು ಎಲ್ಲರಿಗೂ ಆಗೋ ಮಾತಾಗಿರಲಿಲ್ಲ." 1967ರ ಜುಲೈನ ಜನಾಂಗೀಯ ಗಲಭೆಯಲ್ಲಿ ಆ ನಗರ ಹೊತ್ತಿ ಉರಿದು 43 ಜನ ಸತ್ತಿದ್ದರು. ಅದಾಗಿ ಕೆಲವೇ ವರ್ಷಗಳಲ್ಲಿ ಗಡಿಯಾಚೆಯ ಸಿಗ್ನಲ್‌ನಲ್ಲಿ ಕಪ್ಪು ಪೊಲೀಸನೊಬ್ಬ ಕಪ್ಪು ಕಾರಿನಲ್ಲಿ ನಿಂತು ಹಸಿರಿಗೆ ಕಾಯುತ್ತಿದ್ದ. ಹಿರಿಯರ ಪಕ್ಕ ಕೂತು ಕೇಳಿದ, ಅಂಗಳದ ಹರಟೆಯ ಕಥೆಗಳೆಲ್ಲ ಆ ಗಳಿಗೆಯಲ್ಲಿ ನನ್ನೊಳಗೆ ಮತ್ತೊಮ್ಮೆ ಜೋಡಣೆಗೊಂಡವು. ಯಾರು ಅಂಗಳದಲ್ಲಿ ಕೂರಬಹುದಿತ್ತು, ಯಾರು ಕೂರದೆ ಹೋದರು ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಬೀದಿ ರೇಸಿನ ಆ ಕಾಲ ಹೆಚ್ಚು ದಿನ ನಡೆಯಲಿಲ್ಲ. ತರುಣರ ವಿಮೆಯ ಕಂತು ಏರಿತು, 1970ರ ಶುದ್ಧ ಗಾಳಿ ಕಾಯ್ದೆ ಬಂತು, ಕಂಪನಿಗಳು ಇಂಜಿನ್ನಿನ ಕಸುವು ಇಳಿಸಿದವು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಪೇಟೆಯ ಹುಡುಗನೊಬ್ಬ ಸಂಬಳದ ದುಡ್ಡಿನಲ್ಲಿ ಅಂಗಡಿಯಿಂದ ರೇಸ್ ಕಾರನ್ನೇ ಕೊಂಡು ತರುವ ದಿನ ಮುಗಿಯಿತು.

ಹಿಂತಿರುಗುವಾಗ ಹ್ಯಾಮ್‌ಟ್ರ್ಯಾಮಿಕ್‌ಗೆ ಹೋಗೋಣ ಎಂದೆ. ಡೆಟ್ರಾಯಿಟ್ ನಗರದ ಹೊಟ್ಟೆಯೊಳಗೇ ಇರುವ ಪುಟ್ಟ ಬೇರೆ ಊರು ಅದು. ಬ್ಲ್ಯಾಕ್ ಘೋಸ್ಟ್‌ನಂಥ ಚಾಲೆಂಜರ್‌ಗಳು ತಯಾರಾಗುತ್ತಿದ್ದ 'ಡಾಡ್ಜ್ ಮೇನ್' ಕಾರ್ಖಾನೆ ಅಲ್ಲಿತ್ತು. 1981ರಲ್ಲಿ ಕೆಡವಿದರು. ಅದರ ನೆಲಕ್ಕೆ ಪಕ್ಕದ ಪೋಲ್‌ಟೌನ್ ಬಡಾವಣೆಯ ಸಾವಿರಕ್ಕೂ ಹೆಚ್ಚು ಮನೆಗಳನ್ನು, ಚರ್ಚುಗಳನ್ನು ನೆಲಸಮ ಮಾಡಿ ಸೇರಿಸಿ ಜನರಲ್ ಮೋಟರ್ಸ್ ಹೊಸ ಕಾರ್ಖಾನೆ ಕಟ್ಟಿತು. ಈಗ ಅದರ ಹೆಸರು 'ಫ್ಯಾಕ್ಟರಿ ಝೀರೊ', ಅಲ್ಲಿ ಆಗುವುದು ವಿದ್ಯುತ್ ವಾಹನ. ಬೇಲಿಯಾಚೆ ಉದ್ದಕ್ಕೂ ಬಿಳಿ ಗೋಡೆ. ಭಾವ ಆ ವಿದ್ಯುತ್ ಬಂಡಿಗಳ ಪರ ವಾದಿಸಿದರು. ನಿನ್ನೆ ನೋಡಿದ ಬಹುತೇಕ ಕಾರುಗಳನ್ನು ಇವು ಕಾಲು ಮೈಲಿಯಲ್ಲಿ ಸದ್ದಿಲ್ಲದೆ ಹಿಂದಿಕ್ಕುತ್ತವೆ ಎಂದರು. ಅವರು ಹೇಳಿದ್ದು ನಿಜ. ಆದರೆ ಬಾನೆಟ್ ತೆರೆದು, ಬಂದು ಇಣುಕುವ ಮಕ್ಕಳಿಗೆ ಬೆರಳಿಟ್ಟು ತೋರಿಸಲು ಅದರಲ್ಲಿ ಏನಿದೆ ಎಂದು ಕೇಳಿದೆ. "ಇದೆ. ನಾವು ಅವರಿಗೆ ತೆರೆದು ತೋರಿಸ್ತಾ ಇಲ್ಲ ಅಷ್ಟೇ," ಎಂದರು. ಈ ಉತ್ತರವನ್ನು ನಾನು ಒಪ್ಪಿದ್ದೇನೆ. ಅದು ನನಗೆ ಸಮಾಧಾನವನ್ನಂತೂ ಕೊಟ್ಟಿಲ್ಲ.

ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ಒಂದು ಕಾಲಕ್ಕೆ ಪೋಲೆಂಡಿನವರೇ ತುಂಬಿದ್ದರು. ಈಗ ಬಾಂಗ್ಲಾದೇಶದವರು, ಯೆಮನ್‌ನವರು. ಬಂಗಾಳಿ ಹೋಟೆಲೊಂದರಲ್ಲಿ ಬಿಸಿ ಅನ್ನ, ಬೇಳೆ, ಬದನೆಕಾಯಿ ಬಾಡಿಸಿದ್ದು ಸಿಕ್ಕಿತು. ಬಿಸಿ ಅನ್ನ ಕಂಡ ಹಸಿವು ನನ್ನದು. ಬಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತಿರಬಹುದು, ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ಭಾವ ಅದನ್ನು ನೋಡಿ ಏನು ರಿಪೇರಿ ಎಂದರು. ಹಳೆಯದೊಂದು ಡಾಡ್ಜ್ ಕೊಂಡಿದ್ದಾನೆ, ಗೇರ್‌ಬಾಕ್ಸ್ ಇಳಿಸಿ ಕೂತಿದ್ದಾನೆ. ಅಪ್ಪನಿಗೆ ಇಷ್ಟವಿಲ್ಲ.

"ರಾತ್ರಿ ವುಡ್‌ವರ್ಡ್‌ಗೆ ಹೋಗ್ತೀಯಾ?" ಎಂದೆ.

"ಇಲ್ಲ ಆಂಟಿ. ಮಿಲಾನ್‌ನಲ್ಲಿ ಡ್ರ್ಯಾಗ್‌ವೇ ಇದೆ. ದುಡ್ಡು ಕಟ್ಟಿದರೆ ಯಾರು ಬೇಕಾದರೂ ಓಡಿಸಬಹುದು, ಟೈಮ್ ಬರೆದು ಚೀಟಿ ಕೊಡ್ತಾರೆ." ಜೇಬಿನಿಂದ ಮಡಚಿದ ಒಂದು ಚೀಟಿ ತೆಗೆದು ಅನ್ನದ ತಟ್ಟೆಯ ಪಕ್ಕ ಬಿಡಿಸಿಟ್ಟ. ಹದಿನಾಲ್ಕೂ ಚಿಲ್ಲರೆ ಸೆಕೆಂಡ್. ಭಾವ ಕನ್ನಡಕ ಏರಿಸಿ ಓದಿ, ಮೊದಲ ಗೇರಿನಲ್ಲೇ ಚಕ್ರ ಜಾರುತ್ತಿದೆ ನೋಡು, ಟೈರಿನ ಗಾಳಿ ಎಷ್ಟಿಟ್ಟಿದ್ದೀಯಾ ಎಂದು ಕೇಳಿದರು. ಹುಡುಗ ಕುರ್ಚಿ ಎಳೆದುಕೊಂಡು ಕೂತ. ಬದನೆಕಾಯಿ ಇನ್ನಷ್ಟು ಬೇಕಿತ್ತು. ಅವರಿಬ್ಬರ ಮಾತು ಮುಗಿಯುವ ಹಾಗಿರಲಿಲ್ಲ, ನಾನೇ ಎದ್ದುಹೋಗಿ ಒಳಗಿದ್ದ ಅವನ ಅಪ್ಪನನ್ನು ಕೇಳಿ ಹಾಕಿಸಿಕೊಂಡೆ.